ಮಗ್ಗದ ಮನೆಯಲ್ಲಿ ಮೈಕ್ ಹಿಡಿದ ಮೂರು ದಿನ

ಚೀಟಿ ಎತ್ತಿದಾಗ ನನಗೆ ಬಂದಿದ್ದು ಸೌಂಡ್. ನಮ್ಮ ತಂಡದಲ್ಲಿ ಒಂಬತ್ತು ಜನ. ಆರು ಜನಕ್ಕೆ ಡೈರೆಕ್ಷನ್ ಬೇಕಿತ್ತು, ಇಬ್ಬರಿಗೆ ಕ್ಯಾಮೆರಾ. ಒಬ್ಬ ಮಾತ್ರ ಎಡಿಟಿಂಗ್ ಕೊಟ್ಟರೆ ಸಾಕು ಅಂದಿದ್ದ. ಸೌಂಡ್ ಯಾರೂ ಕೇಳಿರಲಿಲ್ಲ. ನಾನಂತೂ ಒಂದು ಕಥೆ ಬರೆದಿಟ್ಟುಕೊಂಡು ಎರಡು ವರ್ಷದಿಂದ ಡೈರೆಕ್ಟರ್ ಆಗಬೇಕು ಅಂತ ಕಾದವಳು. ಆ ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಉಣಕಲ್ ಕೆರೆ ದಾಟುವವರೆಗೂ ಯಾರ ಜೊತೆಗೂ ಮಾತಾಡಲಿಲ್ಲ.

ಕಾಲೇಜು ಧಾರವಾಡದಲ್ಲಿ. ಸಿನಿಮಾ ಕ್ಲಾಸು ಹುಬ್ಬಳ್ಳಿಯಲ್ಲಿ, ವಾರಕ್ಕೆ ಮೂರು ಸಂಜೆ. ವರ್ಷದ ಕೊನೆಗೆ 12 ನಿಮಿಷದ ಒಂದು ಕಿರುಚಿತ್ರ ಮಾಡಬೇಕಿತ್ತು. ತಲೆಗೆ 2,500 ರೂಪಾಯಿಯಂತೆ ಹಾಕಿ 22,500 ಕೂಡಿಸಿದೆವು. ಕಥೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ನೇಕಾರರ ಮನೆಯದ್ದು. ಮೊಮ್ಮಗ ಬೆಂಗಳೂರಿಗೆ ಹೊರಟಿದ್ದಾನೆ. ಅಜ್ಜಿ ಮಗ್ಗದ ಮುಂದೆ ಕೂತು ಅವನ ಜೊತೆ ಮಾತಾಡುತ್ತಾಳೆ. ಕಥೆ ಅಂದರೆ ಅಷ್ಟೇ. ನಮ್ಮ ಡೈರೆಕ್ಟರ್ ಆದ ಹುಡುಗಿಯ ತಾಯಿಯ ತವರು ಗದಗ. ಅವರ ಪರಿಚಯದ ಕಾಕಾ ಒಬ್ಬರ ಮನೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ, ಇತ್ತು. ಮೂರು ದಿನಕ್ಕೆ ಮನೆ ಬಿಟ್ಟುಕೊಡಲು ಒಪ್ಪಿದ್ದರು.

ಅಜ್ಜಿಯ ಪಾತ್ರಕ್ಕೆ ಬಂದವರು ಧಾರವಾಡದ ಹವ್ಯಾಸಿ ರಂಗಭೂಮಿಯವರು. ರಿಹರ್ಸಲ್‌ನಲ್ಲಿ ಅವರ ಮಾತು ಕೇಳಿದ ದಿನವೇ ನನ್ನ ಬೇಜಾರು ಅರ್ಧ ಇಳಿಯಿತು. 'ಹೋಗಿ ಬಾರಪ್ಪಾ' ಅನ್ನುವಾಗ ಆ ಕೊನೆಯ 'ಪಾ' ಇತ್ತಲ್ಲ, ಅದು ಗಂಟಲಲ್ಲೇ ಅರ್ಧ ನಿಂತುಬಿಡುತ್ತಿತ್ತು. ನಮ್ಮಲ್ಲಿ ಬಹಳ ಚಿತ್ರಗಳಿಗೆ ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವುದು ರೂಢಿ. ತಿಂಗಳಾದ ಮೇಲೆ ಗಾಜಿನ ಕೋಣೆಯಲ್ಲಿ ನಿಂತು ಅದೇ 'ಪಾ' ಮತ್ತೆ ಬರುತ್ತದೆಯೇ? ಬರಲಾರದು ಅಂತ ನನಗೆ ಅನ್ನಿಸಿತು. ಸಿಂಕ್ ಸೌಂಡೇ ಮಾಡೋಣ, ಶೂಟ್ ಆಗುವ ಜಾಗದಲ್ಲೇ ಮಾತು ಹಿಡಿಯೋಣ ಅಂತ ಹಟ ಹಿಡಿದೆ. ಕ್ಲಾಸಿನ ಸರ್ ಕೂಡ ನನ್ನ ಪರ ನಿಂತರು. ಕನ್ನಡದ ಮೊದಲ ಮಾತಿನ ಚಿತ್ರ 1934ರಲ್ಲಿ ಬಂತು, ಅದು ತಯಾರಾಗಿದ್ದು ಇಲ್ಲೇ ಹತ್ತಿರದ ಕೊಲ್ಹಾಪುರದಲ್ಲಿ, ಆ ಕಾಲದಲ್ಲಿ ನಟರು ಮೈಕಿನ ಮುಂದೆ ಅಲ್ಲೇ ಮಾತಾಡಿ ಅಲ್ಲೇ ಹಾಡುತ್ತಿದ್ದರು ಅಂತ ಅವರು ಹೇಳಿದ್ದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಶೂಟಿಂಗ್‌ಗೆ ವಾರ ಮುಂಚೆ ಎಲ್ಲರೂ ಜಾಗ ನೋಡಲು ಹೋದೆವು. ಕ್ಯಾಮೆರಾದವನು ಕಿಟಕಿ ನೋಡಿದ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಬರೆದುಕೊಂಡ. ಲೈಟಿನವನು ಮೀಟರ್ ಬೋರ್ಡ್ ನೋಡಿದ. ಪ್ರೊಡಕ್ಷನ್ ನೋಡಿಕೊಳ್ಳುವ ಅಕ್ಕ ಬಚ್ಚಲು ಎಲ್ಲಿದೆ, ಒಂಬತ್ತು ಜನಕ್ಕೆ ರೊಟ್ಟಿ ಊಟ ಯಾರು ಕೊಡುತ್ತಾರೆ ಅಂತ ಕೇಳಿಕೊಂಡು ಬಂದಳು. ನಾನು ಮಗ್ಗದ ಪಕ್ಕ ಕಣ್ಣು ಮುಚ್ಚಿ ಹತ್ತು ನಿಮಿಷ ಕೂತೆ. ನೀವೂ ಸೌಂಡ್ ಮಾಡುವವರಾದರೆ ಇದನ್ನು ಬಿಡಬೇಡಿ. ಕಣ್ಣು ತೆರೆದಿದ್ದರೆ ಚೆಂದದ ಮನೆ ಕಾಣುತ್ತದೆ. ಮುಚ್ಚಿದಾಗ ಹಿಂದಿನ ಓಣಿಯ ಪವರ್‌ಲೂಮಿನ ಗಡಗಡ, ಗೋಡೆ ಗಡಿಯಾರದ ಟಿಕ್ ಟಿಕ್, ಒಳಗಿನ ಫ್ರಿಜ್ಜಿನ ಗುಂಯ್ ಎಲ್ಲವೂ ಒಂದೊಂದಾಗಿ ಎದ್ದು ಬಂದವು.

ಗಡಿಯಾರಕ್ಕೆ ಸೆಲ್ ತೆಗೆದರೆ ಆಯಿತು. ಒಂದು ಶಾಟಿನಿಂದ ಇನ್ನೊಂದಕ್ಕೆ ಕಟ್ ಆದಾಗ ಟಿಕ್ ಟಿಕ್ ಎಗರುತ್ತದೆ, ಅದನ್ನು ಆಮೇಲೆ ಅಳಿಸುವುದು ಬಹಳ ಕಷ್ಟ. ಫ್ರಿಜ್ ಬಂದ್ ಮಾಡಬಹುದು, ಆದರೆ ಶೂಟಿಂಗ್ ಮುಗಿದ ಮೇಲೆ ಚಾಲೂ ಮಾಡಲು ಮರೆತರೆ ಆ ಮನೆಯವರ ಹಾಲು ಕೆಡುತ್ತದೆ. ಅದಕ್ಕೆ ಸೌಂಡಿನವರಲ್ಲಿ ಒಂದು ಹಳೆಯ ಉಪಾಯ ಇದೆ. ವಾಪಸ್ ಹೋಗಲು ಬೇಕೇ ಬೇಕಾದ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುವುದು. ಮೂರೂ ದಿನ ಪ್ರೊಡಕ್ಷನ್ ಅಕ್ಕನ ಸ್ಕೂಟಿ ಕೀಲಿ ಮೊಸರಿನ ಪಾತ್ರೆ ಪಕ್ಕದಲ್ಲಿತ್ತು. ಪವರ್‌ಲೂಮಿಗೆ ಮಾತ್ರ ಉಪಾಯ ಇರಲಿಲ್ಲ. ಕಾಕಾ ಅವರನ್ನೇ ಕೇಳಿದೆ.

'ಒಂದರಿಂದ ಎರಡರ ತನಕ ಊಟಕ್ಕ ನಿಲ್ಲಸ್ತಾರ ತಂಗಿ. ಕರೆಂಟ್ ಹ್ವಾದ್ರ ನಿನ್ ನಸೀಬು' ಅಂದರು.

ಹಾಗಾಗಿ ನಮ್ಮ ದಿನದ ಪಟ್ಟಿಯೇ ತಿರುಗಿತು. ಮಾತಿರುವ ಶಾಟುಗಳೆಲ್ಲ ಒಂದು ಗಂಟೆಗೆ. ಮಾತಿಲ್ಲದ್ದು ಬೆಳಿಗ್ಗೆ. ನಮ್ಮ ಊಟ ಎರಡರ ಮೇಲೆ. ಇಲ್ಲಿ ನನಗೆ ಅಸಿಸ್ಟೆಂಟ್ ಡೈರೆಕ್ಟರ್ ಅಂದರೆ ಏನು ಅಂತ ಮೊದಲ ಸಲ ತಿಳಿಯಿತು. ಆ ಹೆಸರು ನೋಡಿ ಡೈರೆಕ್ಟರಿಗೆ ಸಹಾಯ ಮಾಡುವವನು, ಸುಮ್ನೆ ಪಕ್ಕದಲ್ಲಿ ಇರುವವನು ಅಂದುಕೊಂಡಿದ್ದೆ. ಅಲ್ಲ. ಸೆಟ್ಟಿನಲ್ಲಿ ಹೊತ್ತನ್ನು ಆಳುವವನು ಅವನೇ. ಕಥೆಯನ್ನು ದೃಶ್ಯಗಳಾಗಿ ಒಡೆದು, ಯಾವ ದೃಶ್ಯಕ್ಕೆ ಯಾರು ಬೇಕು, ಯಾವ ಸಾಮಾನು ಬೇಕು, ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ, ನನ್ನ ಪವರ್‌ಲೂಮ್ ಮತ್ತು ಕ್ಯಾಮೆರಾದವನ ಬಿಸಿಲು ಎರಡನ್ನೂ ಒಂದೇ ಹಾಳೆಯಲ್ಲಿ ಹೊಂದಿಸಿದ. ಹಿಂದಿನ ರಾತ್ರಿ ಎಲ್ಲರ ಮೊಬೈಲಿಗೂ ಆ ಕಾಲ್ ಶೀಟ್ ಬಂತು. ನನ್ನ ಹೆಸರಿನ ಮುಂದೆ '6-30ಕ್ಕೆ ಮೈಕ್ ರೆಡಿ' ಅಂತಿತ್ತು.

ಮೊದಲ ಶಾಟಿನ ಹೊತ್ತು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಸಿಸ್ಟೆಂಟ್ ಡೈರೆಕ್ಟರ್ 'ಸೈಲೆನ್ಸ್' ಅಂತ ಕೂಗಿದ. ಆಮೇಲೆ 'ರೋಲ್ ಸೌಂಡ್'. ಮೊದಲು ಕರೆಯುವುದು ಸೌಂಡನ್ನೇ. ನಾನು ಬಟನ್ ಒತ್ತಿ, ಕೆಂಪು ದೀಪ ನೋಡಿ, 'ರೋಲಿಂಗ್' ಅಂದೆ. ಆಮೇಲೆ ಕ್ಯಾಮೆರಾ. ಎಡಿಟರ್ ಹುಡುಗ ಮುಂದೆ ಬಂದು 'ಸೀನ್ 2, ಶಾಟ್ 1, ಟೇಕ್ 1' ಅಂತ ಓದಿ ಕ್ಲಾಪ್ ಹೊಡೆದ. ಅದಾದ ಮೇಲೆ ಡೈರೆಕ್ಟರ್ 'ಆಕ್ಷನ್' ಅಂದಳು. ಆ ಕ್ಲಾಪ್ ಶಾಸ್ತ್ರಕ್ಕೆ ಹೊಡೆಯುವುದಲ್ಲ. ನಮ್ಮ ಶಬ್ದ ಬೇರೆ ರೆಕಾರ್ಡರಿನಲ್ಲಿ, ಚಿತ್ರ ಬೇರೆ ಕ್ಯಾಮೆರಾದಲ್ಲಿ. ಕ್ಲಾಪ್ ಬೋರ್ಡಿನ ಎರಡು ಪಟ್ಟಿ ಕೂಡಿದ ಫ್ರೇಮು ಮತ್ತು 'ಟಪ್' ಅನ್ನುವ ಸದ್ದು, ಇವೆರಡನ್ನೂ ಎಡಿಟಿಂಗ್ ಟೇಬಲ್ ಮೇಲೆ ಸೇರಿಸಿದರೆ ತುಟಿಗೂ ಮಾತಿಗೂ ತಾಳ ಕೂಡುತ್ತದೆ. ಸೆಕೆಂಡಿಗೆ 24 ಫ್ರೇಮು. ಎರಡು ಮೂರು ಫ್ರೇಮು ತಪ್ಪಿದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಬೂಮ್, ಅಂದರೆ ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲು, ಹಿಡಿಯುವುದು ತೋಳಿನ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ತೋಳು ನೋಯುವುದು ನಿಜ. ಆದರೆ ಅದು ಕಣ್ಣಿನ ಕೆಲಸವೂ ಹೌದು. ಮೈಕ್ ಮಾತಾಡುವವರ ಬಾಯಿಗೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು, ಫ್ರೇಮಿನೊಳಗೆ ಮಾತ್ರ ಇಳಿಯಬಾರದು. ಅದರ ನೆರಳೂ ಗೋಡೆ ಮೇಲೆ ಬೀಳಬಾರದು. ಹಾಗಾಗಿ ಪ್ರತಿ ಶಾಟಿಗೂ ಮುಂಚೆ ಕ್ಯಾಮೆರಾದವನ ಹತ್ತಿರ ಹೋಗಿ 'ನಿನ್ನ ಮೇಲಿನ ಅಂಚು ಎಲ್ಲಿ?' ಅಂತ ಕೇಳುತ್ತಿದ್ದೆ. ಅವನು ಕೈ ಎತ್ತಿ ಗಾಳಿಯಲ್ಲಿ ಒಂದು ಗೆರೆ ತೋರಿಸುತ್ತಿದ್ದ. ಅದರಿಂದ ನಾಲ್ಕು ಬೆರಳು ಮೇಲೆ ನನ್ನ ಮೈಕ್. ಕಾಲರ್ ಮೈಕನ್ನೂ ಒಮ್ಮೆ ಹಾಕಿ ನೋಡಿದೆವು. ಅಜ್ಜಿ ಉಟ್ಟಿದ್ದು ಗಂಜಿ ಹಾಕಿದ ಹತ್ತಿ ಸೀರೆ. ಉಸಿರಾಡಿದರೂ ಸರ್ ಸರ್ ಅನ್ನುತ್ತಿತ್ತು. ತೆಗೆದಿಟ್ಟೆ.

ಮೊದಲ ದಿನ ದೊಡ್ಡ ತಪ್ಪೊಂದು ಮಾಡಿದೆ. ರಿಹರ್ಸಲ್‌ನಲ್ಲಿ ಅಜ್ಜಿ ಮೆಲ್ಲಗೆ ಮಾತಾಡಿದರು, ಆ ಅಳತೆಗೇ ಲೆವೆಲ್ ಏರಿಸಿ ಇಟ್ಟೆ. ಟೇಕಿನಲ್ಲಿ ಅವರು ಒಮ್ಮೆಗೇ ಮೊಮ್ಮಗನ ಹೆಸರು ಹಿಡಿದು ಕೂಗಿದರು. ಸೂಜಿ ಸೊನ್ನೆ ಮುಟ್ಟಿತು, ಹೆಡ್‌ಫೋನಿನಲ್ಲಿ ದನಿ ಹರಿದ ಬಟ್ಟೆಯಂತೆ ಕೇಳಿಸಿತು. ಸೊನ್ನೆ ಅಂದರೆ ಡಿಜಿಟಲ್ ರೆಕಾರ್ಡಿಂಗಿನ ಸೂರು. ಅದಕ್ಕೆ ತಾಗಿದ ದನಿ ಚಪ್ಪಟೆಯಾಗುತ್ತದೆ, ನಮ್ಮ ರೆಕಾರ್ಡರಿನಲ್ಲಿ ಅದನ್ನು ಆಮೇಲೆ ಸರಿ ಮಾಡಲು ಬರುತ್ತಿರಲಿಲ್ಲ. ಡೈರೆಕ್ಟರ್ ಆ ಟೇಕಿಗೆ ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ನಾನು ಕೈ ಎತ್ತಿ 'ಸೌಂಡ್ ಸರಿ ಬಂದಿಲ್ಲ, ತಪ್ಪು ನಂದು' ಅಂದೆ. ಎಲ್ಲರ ಮುಂದೆ ಹಾಗೆ ಹೇಳುವಾಗ ಕಾಲು ನಡುಗಿತು. ಆದರೂ ಹೇಳಲೇಬೇಕು. ಹೆಡ್‌ಫೋನ್ ಹಾಕಿಕೊಂಡವಳು ನಾನೊಬ್ಬಳೇ, ನಾನು ಸುಮ್ಮನಿದ್ದರೆ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜಿ ನನ್ನ ಕೈ ಹಿಡಿದು 'ಇರ್ಲಿ ಬಿಡವಾ, ಇನ್ನೊಮ್ಮಿ ಮಾಡೂಣು' ಅಂದರು. ಮರುದಿನದಿಂದ ರಿಹರ್ಸಲ್‌ನಲ್ಲಿ ಅತಿ ಜೋರು ಮಾತು ಯಾವುದೋ ಅದನ್ನೇ ಪೂರ್ತಿ ದನಿಯಲ್ಲಿ ಹೇಳಿಸಿ, ಅದು ಆ ಸೂರಿಗಿಂತ ಕೆಳಗೆ, ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಟ್ಟುಕೊಂಡೆ.

ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ, ನೋಡಿಕೊಳ್ಳುವ ಹುಡುಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಮೂರು ದಿನ ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ದೂರದ ಶಾಟಿನಲ್ಲಿ ಅಜ್ಜಿಯ ತಲೆ ಮೇಲೆ ಸೆರಗಿತ್ತು. ಊಟ ಆದ ಮೇಲೆ ಹತ್ತಿರದ ಶಾಟಿಗೆ ಕೂತಾಗ ಸೆರಗು ಹೆಗಲ ಮೇಲಿತ್ತು. ನಮಗ್ಯಾರಿಗೂ ಕಾಣಲಿಲ್ಲ. 'ಕಟ್' ಅಂತ ಕೂಗುವ ಅಧಿಕಾರ ಅವಳಿಗಿಲ್ಲ. ಮೆಲ್ಲಗೆ ಡೈರೆಕ್ಟರಿನ ಬೆನ್ನು ಮುಟ್ಟಿ ಪುಸ್ತಕದ ಪುಟ ತೋರಿಸಿದಳು. ಸೆರಗು, ಬಳೆ, ಕಪ್ಪಿನಲ್ಲಿ ಚಹಾ ಎಷ್ಟಿತ್ತು, ಯಾವ ಮಾತಿಗೆ ಯಾವ ಕೈ ಎತ್ತಿದರು, ಎಲ್ಲ ಬರೆದಿತ್ತು. ಚಿತ್ರ ಮುಗಿದಾಗ ಅವಳ ಕೆಲಸ ಪರದೆ ಮೇಲೆ ಎಲ್ಲೂ ಕಾಣುವುದಿಲ್ಲ. ಕಾಣದಿರುವುದೇ ಆ ಕೆಲಸ ಅಲ್ವಾ?

ಎರಡನೇ ದಿನ ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ಲೈಟುಗಳು ಆರಿದವು, ಲೈಟಿನವನು ತಲೆ ಮೇಲೆ ಕೈ ಇಟ್ಟ. ಅದೇ ಹೊತ್ತಿಗೆ ಹಿಂದಿನ ಓಣಿಯ ಗಡಗಡವೂ ನಿಂತಿತು. ಮನೆಯಲ್ಲಿ ಎಂಥ ಮೌನ ಅಂದರೆ, ಹಿತ್ತಲಿನ ನಲ್ಲಿಯ ಹನಿ ಬೀಳುವುದೂ ಕೇಳುತ್ತಿತ್ತು. 'ಈಗ ತೆಗೆಯೋಣ, ಈಗಲೇ' ಅಂತ ನಾನು ಬೇಡಿಕೊಂಡೆ. ಕ್ಯಾಮೆರಾದವನು ಒಂದು ಕ್ಷಣ ಕಿಟಕಿ ನೋಡಿದ. ಲೈಟಿನವನು ಬಿಳಿ ಥರ್ಮಾಕೋಲ್ ಹಾಳೆ ಎತ್ತಿಕೊಂಡು ಬಂದು, ಕಿಟಕಿಯ ಬೆಳಕನ್ನು ಅಜ್ಜಿಯ ಕೆನ್ನೆಗೆ ತಿರುಗಿಸಿ ಹಿಡಿದ. 40 ನಿಮಿಷ ಅವನು ಕೈ ಇಳಿಸಲಿಲ್ಲ. ಚಿತ್ರದ ಅತಿ ಚೆಂದದ ಶಾಟುಗಳು ಬಂದಿದ್ದು ಆ ಹೊತ್ತಿನಲ್ಲೇ. ಅವನ ಲೈಟು ಹೋಗಿದ್ದು ನನಗೆ ಲಾಭವಾಯಿತು, ಅದನ್ನು ಅವನು ತನ್ನ ಕೈಯಿಂದಲೇ ತುಂಬಿಕೊಟ್ಟ. ಆ ಋಣ ನನ್ನ ಮೇಲಿದೆ.

ಇನ್ನು ಮಗ್ಗದ ವಿಷಯ. ಕಥೆಯಲ್ಲಿ ಅಜ್ಜಿ ನೇಯುತ್ತಲೇ ಮಾತಾಡಬೇಕು. ಮಗ್ಗ ನಿಜವಾಗಿ ಓಡಿದರೆ ಆ ಸದ್ದಿನಲ್ಲಿ ಮಾತು ಮುಳುಗುತ್ತದೆ. ಹಾಗಾಗಿ ಹತ್ತಿರದ ಶಾಟುಗಳಲ್ಲಿ ಮಗ್ಗ ನಿಲ್ಲಿಸಿ ಕೈ ಮಾತ್ರ ಆಡಿಸುವುದು, ಮಗ್ಗದ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಕೆಳಗೆ ಹಾಸುವುದು ಅಂತ ಮಾತಾಯಿತು. ಮೊದಲ ಟೇಕು ಕೇಳಿದರೆ ಏನೋ ಕೃತಕ. ಯೋಚಿಸಿದಾಗ ಹೊಳೆಯಿತು: ಸದ್ದಿನ ನಡುವೆ ಮಾತಾಡುವವರು ತಾವಾಗಿಯೇ ದನಿ ಏರಿಸುತ್ತಾರೆ, ಮಗ್ಗ ನಿಂತಾಗ ಅಜ್ಜಿಯ ದನಿ ತಾನಾಗಿಯೇ ಇಳಿದಿತ್ತು. ಅದಕ್ಕೆ ಪ್ರತಿ ಟೇಕಿಗೆ ಮುಂಚೆ ಕಾಕಾ ಎರಡು ನಿಮಿಷ ಮಗ್ಗ ಓಡಿಸಿದರು, ಆ ಸದ್ದಿನಲ್ಲಿ ಅಜ್ಜಿ ಮಾತು ಹೇಳಿದರು, ಅದೇ ದನಿ ಗಂಟಲಲ್ಲಿ ಇರುವಾಗಲೇ ಮಗ್ಗ ನಿಲ್ಲಿಸಿ ಟೇಕು ತೆಗೆದೆವು. ಸರಿ ಬಂತು. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಅಲ್ಲಾಡದೆ ನಿಲ್ಲಿಸಿ 30 ಸೆಕೆಂಡು ಬರೀ ಆ ಕೋಣೆಯ ಮೌನವನ್ನೂ ಹಿಡಿದುಕೊಂಡೆ. ಮಾತಿನ ನಡುವೆ ಕತ್ತರಿಸಿದ ಜಾಗ ತುಂಬಲು ಅದು ಬೇಕೇ ಬೇಕು. ಆದರೆ ಕೊನೆಯ ದಿನದ ಗಡಿಬಿಡಿಯಲ್ಲಿ ಬಸ್ಸಿನ ಹೊತ್ತಾಯಿತು ಅಂತ, ಮಗ್ಗದ ಸದ್ದನ್ನೇ ಸರಿಯಾಗಿ ರೆಕಾರ್ಡ್ ಮಾಡಿಕೊಳ್ಳದೆ ಬಂದುಬಿಟ್ಟೆ.

ಎಡಿಟರ್ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಮಗ್ಗದ ಸದ್ದು ಹಾಕಿ ಮೊದಲ ಕಟ್ ತಯಾರು ಮಾಡಿದ. ನಮಗೆಲ್ಲ ಚೆನ್ನಾಗಿಯೇ ಅನ್ನಿಸಿತು. ಅದನ್ನು ಕಾಕಾ ಅವರಿಗೆ ಕಳಿಸಿದೆವು. ರಾತ್ರಿ ನನಗೆ ಫೋನ್ ಬಂತು.

'ಚಿತ್ರ ಚಲೋ ಆಗೇತಿ ತಂಗಿ. ಆದ್ರ ಇದು ನನ್ ಮಗ್ಗ ಅಲ್ಲಲ್ಲ.'

ಮುಂದಿನ ಭಾನುವಾರ ಒಬ್ಬಳೇ ಹುಬ್ಬಳ್ಳಿಯಿಂದ ಗದಗ ಬಸ್ ಹತ್ತಿದೆ. ಪವರ್‌ಲೂಮ್ ನಿಲ್ಲುವ ಹೊತ್ತಿಗೆ ಕಾಯ್ದು, ಒಂದು ಮೈಕ್ ಲಾಳಿ ಓಡುವ ಹಾದಿಯ ಹತ್ತಿರ, ಇನ್ನೊಂದು ಕೆಳಗೆ ಕುಣಿಯಲ್ಲಿ ಕಾಲಿನ ಹಲಗೆಯ ಹತ್ತಿರ ಇಟ್ಟೆ. ಹದಿನೈದು ನಿಮಿಷ ಕಾಕಾ ನೇಯ್ದರು. ಮೇಲೆ ಕಟಕ್ ಅಂದರೆ ಕೆಳಗೆ ದಬ್ ಅನ್ನುತ್ತಿತ್ತು, ಎರಡರ ನಡುವೆ ಹಗ್ಗ ಉಜ್ಜುವ ಒಂದು ಸಣ್ಣ ಕಿರ್. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಅವರ ಕಿವಿಗೆ ಹಾಕಿದೆ. ಮೂವತ್ತು ವರ್ಷಕ್ಕೂ ಜಾಸ್ತಿ ಆ ಮಗ್ಗದಲ್ಲಿ ಕೂತವರು ಅದರ ದನಿಯನ್ನು ದೂರದಿಂದ ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿಕೊಂಡು ಕೇಳಿದರು. ಹಣೆ ಗಂಟಾಯಿತು.

'ಎಡಗಡೆ ಬಡತ ಸಡ್ಲ ಐತೆಲ್ಲವಾ' ಅಂದರು. ಹೆಡ್‌ಫೋನ್ ಕೈಗೆ ಕೊಟ್ಟು, ಎದ್ದು ಹೋಗಿ ಎಡಗಡೆಯ ಹಗ್ಗ ಬಿಚ್ಚಿ ಬಿಗಿಯಾಗಿ ಕಟ್ಟಿದರು. ಮತ್ತೆ ಕೂತು ನೇಯ್ದರು, ನಾನು ಮತ್ತೆ ರೆಕಾರ್ಡ್ ಮಾಡಿದೆ. ಈಗ ಎರಡೂ ಕಡೆ ಒಂದೇ ತೂಕದ ಬಡಿತ.

ಚಿತ್ರಕ್ಕೆ ಹಾಕಿದ್ದು ಮೊದಲಿನ ಫೈಲನ್ನೇ. ಶೂಟಿಂಗ್ ಆದ ದಿನ ಎಡಗಡೆ ಸಡಿಲವೇ ಇತ್ತಲ್ಲ.