ಮೊನಾರ್ಕ್ ಚಿಟ್ಟೆಗಾಗಿ ಹಿತ್ತಲಲ್ಲಿ ಮಿಲ್ಕ್‌ವೀಡ್: ಬೆಳೆಸುವುದು ಹೇಗೆ?

ಕೆನಡಾ, ಅಮೆರಿಕದಿಂದ ಹೊರಟು ಮೆಕ್ಸಿಕೋದ ಬೆಟ್ಟದ ಕಾಡಿಗೆ ಸಾವಿರಾರು ಕಿ.ಮೀ. ಹಾರುವ ಮೊನಾರ್ಕ್ ಚಿಟ್ಟೆಯ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಎಲೆ ಮಾತ್ರ. ಮೆಕ್ಕೆಜೋಳ, ಸೋಯಾ ಹೊಲಗಳಿಗೆ ಕಳೆನಾಶಕ ಹೊಡೆದು ಹೊಡೆದು ಆ ಗಿಡವೇ ಅಪರೂಪವಾಗಿದೆ. 1996-97ರ ಚಳಿಗಾಲದಲ್ಲಿ ಮೆಕ್ಸಿಕೋದಲ್ಲಿ 18 ಹೆಕ್ಟೇರ್ ಕಾಡು ತುಂಬಿದ್ದ ಚಿಟ್ಟೆಗಳು 2023-24ರಲ್ಲಿ ಒಂದು ಹೆಕ್ಟೇರನ್ನೂ ತುಂಬಲಿಲ್ಲ. ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರು ತಮ್ಮ ಹಿತ್ತಲಲ್ಲೇ ಒಂದಿಷ್ಟು ಗಿಡ ಬೆಳೆಸಬಹುದು. ಇದು ನಮ್ಮ ಎಕ್ಕದ ಕುಟುಂಬದ್ದೇ. ಎಲೆ ಮುರಿದರೆ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ತಾಗಬಾರದು, ಕೈಗವಸು ಹಾಕಿಕೊಳ್ಳಿ.

ಮೊದಲು ತಳಿ ಆರಿಸಿ. ನರ್ಸರಿಗಳಲ್ಲಿ ಕೆಂಪು-ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಕಣ್ಣು ಸೆಳೆಯುತ್ತದೆ. ದಯವಿಟ್ಟು ಬೇಡ. ಟೆಕ್ಸಾಸ್, ಫ್ಲಾರಿಡಾದಂಥ ಬೆಚ್ಚಗಿನ ಕಡೆ ಅದು ಚಳಿಗಾಲದಲ್ಲೂ ಒಣಗುವುದಿಲ್ಲ. ಚಿಟ್ಟೆಗೆ ರೋಗ ತರುವ ಪರಾವಲಂಬಿ ಜೀವಿ ಎಲೆಗಳ ಮೇಲೆ ಉಳಿದು, ಅದನ್ನು ತಿನ್ನುವ ಹುಳುಗಳಿಗೆಲ್ಲ ಅಂಟುತ್ತದೆ. ನಿಮ್ಮ ಪ್ರದೇಶದ ಸ್ಥಳೀಯ ತಳಿಯನ್ನೇ ಕೇಳಿ ತನ್ನಿ. ಪೂರ್ವ ಮತ್ತು ಮಧ್ಯ ಅಮೆರಿಕದ ಚಿಕ್ಕ ಹಿತ್ತಲಿಗೆ ಸ್ವಾಂಪ್ ಮಿಲ್ಕ್‌ವೀಡ್ ಒಳ್ಳೆಯದು. ಕಾಮನ್ ಮಿಲ್ಕ್‌ವೀಡ್ ಬೇರಿನಿಂದಲೇ ಹಬ್ಬಿ ಜಾಸ್ತಿ ಜಾಗ ತಿನ್ನುತ್ತದೆ. ಸಸಿ ಕೊಳ್ಳುವುದಾದರೆ ಕೀಟನಾಶಕ ಹಾಕಿಲ್ಲ ತಾನೇ ಎಂದು ವಿಚಾರಿಸಿ. ಹುಳು ಸಾಕಲೆಂದು ತಂದ ಗಿಡವೇ ಹುಳುವನ್ನು ಕೊಲ್ಲಬಾರದು ಅಲ್ವಾ?

ಈ ಬೀಜಕ್ಕೆ ಚಳಿ ತಾಗಬೇಕು, ಇಲ್ಲದಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಚಳಿ ಇರುವ ಊರಾದರೆ ಅಕ್ಟೋಬರ್-ನವೆಂಬರ್‌ನಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ ಬಿಡಿ. ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ವಸಂತದಲ್ಲಿ ಬಿತ್ತುವುದಾದರೆ ಬೀಜವನ್ನು ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದು ತಿಂಗಳಾದರೂ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಅಲ್ಲ. ಮೊದಲ ವರ್ಷ ಹೂ ಬಿಡದಿದ್ದರೆ ಕೀಳಬೇಡಿ, ಗಿಡ ಆಗ ಬೇರು ಬಿಡುತ್ತಿರುತ್ತದೆ.

ಗಿಡ ಚೆನ್ನಾಗಿ ಬೆಳೆದ ಮೇಲೆ ಎಲೆಗಳನ್ನು ಮಗುಚಿ ನೋಡಿ. ಗುಂಡುಸೂಜಿಯ ತಲೆಯಷ್ಟು, ಕೆನೆಬಣ್ಣದ, ಗೆರೆಗೆರೆ ಮೊಟ್ಟೆ ಒಂಟಿಯಾಗಿ ಅಂಟಿರುತ್ತದೆ. ಸುಮಾರು ನಾಲ್ಕು ದಿನಕ್ಕೆ ಹುಳು ಹೊರಬಂದು ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ಆಮೇಲೆ ಎಲೆಗಳೆಲ್ಲ ತೂತು. ಗಾಬರಿ ಬೇಡ, ಗಿಡ ನೆಟ್ಟಿದ್ದೇ ಅದಕ್ಕೆ.

ಹಳದಿ ಸಸ್ಯಹೇನು ಮುತ್ತಿದರೂ ಔಷಧಿ ಹೊಡೆಯಬೇಡಿ. ಮೊಟ್ಟೆ, ಮರಿಹುಳು ಇಲ್ಲದ ಟೊಂಗೆ ನೋಡಿಕೊಂಡು ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಸಾಕು, ಉದುರಿಹೋಗುತ್ತವೆ.