ಹೊಸಬರಿಗೆ: ಮೈ ಉರಿದರೆ ಉಜ್ಜಬೇಡಿ

ಬಯಲುಸೀಮೆಯಿಂದ ವರ್ಗವಾಗಿ ಕೊಡಗಿಗೆ ಬರುವವರು ಸ್ವೆಟರ್, ಛತ್ರಿ ಎಲ್ಲ ಮರೆಯದೆ ತರುತ್ತೀರಿ. ಜೊತೆಗೆ ಮೈ ಮೇಲೆ ಏನು ಹರಿದರೂ ಪಟ್ ಅಂತ ಹೊಡೆದು ಉಜ್ಜುವ ಅಭ್ಯಾಸವನ್ನೂ ತರುತ್ತೀರಿ. ಮಂಡ್ಯದಿಂದ ನಾನೂ ಹಾಗೇ ಬಂದವನು.

ದೀಪದ ಹುಳ

ಮೊದಲ ಮಳೆಗಾಲ. ಟ್ಯೂಬ್‌ಲೈಟ್ ಹಾಕಿ, ಕಿಟಕಿ ತೆರೆದು ಕೂತಿದ್ದೆ. ಕುತ್ತಿಗೆ ಮೇಲೆ ಏನೋ ಹರಿಯಿತು, ಒರೆಸಿ ಹಾಕಿದೆ. ಮಾರನೇ ದಿನ ಸಂಜೆ ನೋಡಿದರೆ ಬರೆ ಎಳೆದ ಹಾಗೆ ಕೆಂಪು ಗೆರೆ, ಮೇಲೆ ನೀರುಗುಳ್ಳೆ. ಫೋನಿನಲ್ಲಿ ಅಮ್ಮ ಸರ್ಪಸುತ್ತು ಅಂದರು, ಕೆಮ್ಮಣ್ಣು ಹಚ್ಚು ಅಂದರು. ನಾಲ್ಕು ದಿನ ಕೆಮ್ಮಣ್ಣು ಮೆತ್ತಿಕೊಂಡೇ ಆಫೀಸಿಗೆ ಹೋದೆ, ಗುಳ್ಳೆ ಕೀವಾಯಿತು. ಕೊನೆಗೆ ಚರ್ಮದ ಡಾಕ್ಟರು ನೋಡಿ ನಕ್ಕರು.

ಅದು ಪೆಡೆರಸ್ ಅನ್ನೋ ಹುಳದ ಕೆಲಸ. 7ರಿಂದ 10 ಮಿಲಿಮೀಟರ್ ಉದ್ದ, ದೂರಕ್ಕೆ ಇರುವೆ ತರಹ, ತಲೆ ಕಪ್ಪು, ಮೈ ಕಿತ್ತಳೆ-ಕಪ್ಪು. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ನಾವು ಅರೆದಾಗ ಅದರ ಮೈಯೊಳಗಿನ ಪೆಡೆರಿನ್ ವಿಷ ಚರ್ಮಕ್ಕೆ ಹತ್ತುತ್ತದೆ, ಒಂದು ದಿನ ಬಿಟ್ಟು ಉರಿಯುತ್ತದೆ. ಮೊಣಕೈ ಮಡಚುವ ಕಡೆ ಹತ್ತಿದರೆ ಎದುರು ಬದಿಗೂ ಅಚ್ಚು ಬೀಳುತ್ತದೆ. ಊದಿ ಹಾರಿಸಿ, ಇಲ್ಲವೇ ಕಾಗದಕ್ಕೆ ಹತ್ತಿಸಿ ಹೊರಗೆ ಬಿಡಿ. ಅರೆದೇಬಿಟ್ಟಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಸಂಜೆ ಕಿಟಕಿಗೆ ಜಾಲರಿ ಹಾಕಿ. 

ತೋಟದಲ್ಲಿ

ಹೊಳಗೇರು ಮರವನ್ನು ಪಕ್ಕದ ಮನೆಯವರ ಹತ್ತಿರ ಕೇಳಿ ಗುರುತು ಮಾಡಿಕೊಳ್ಳಿ. ಸೊನೆ ತಾಗಿದ ಕಡೆ ಬೊಬ್ಬೆ ಏಳುತ್ತದೆ. ಮಾವು, ಗೇರಿನ ಕುಟುಂಬದ್ದೇ ಅದು, ಮಾವಿನ ಸೊನೆಗೆ ತುಟಿ ಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾ? ಪುಕ್ಕಟೆ ಸೌದೆ ಅಂತ ಬಿದ್ದ ಕೊಂಬೆ ಎತ್ತಿಕೊಂಡು ಬರಬೇಡಿ.

ನಸುಗುನ್ನಿ ಕಾಯಿ, ಕಂಬಳಿಹುಳ: ಎರಡರದ್ದೂ ರೋಮದ ಕಾಟ. ಗೋಣಿಚೀಲದಲ್ಲಿ ತಿಕ್ಕಿದರೆ ಇನ್ನೂ ಒಳಗೆ ಹೋಗುತ್ತದೆ. ಸೆಲ್ಲೋಟೇಪ್ ಅಂಟಿಸಿ ಕೀಳಿ, ಆಮೇಲೆ ತೊಳೆಯಿರಿ. ಬೇಲಿ ಮೇಲೆ ಒಣಹಾಕಿದ ಬಟ್ಟೆಯನ್ನು ಕೊಡವದೆ ಹಾಕಿಕೊಂಡರೆ ತಪ್ಪು ನಿಮ್ಮದೇ.

ಕೆಸು: ಹೆಚ್ಚುವಾಗ ಕೈಗೆ ಎಣ್ಣೆ, ಬೇಯಿಸುವಾಗ ಹುಳಿ. ಕೊಡಗಿನವರ ಕಪ್ಪು ಹುಳಿ ಕಾಚಂಪುಳಿ ಇದ್ದರಂತೂ ಕೇಳೋದೇ ಬೇಡ.

ಜಿಗಣೆ: ಉಗುರಲ್ಲಿ ಮೆಲ್ಲಗೆ ಸರಿಸಿ. ಬೆಂಕಿಕಡ್ಡಿ ಬೇಡ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಹೆದರಬೇಡಿ.

ಸಮುದ್ರ

ಕೊಡಗಿನಲ್ಲಿ ಎಲ್ಲಿದೆ ಅನ್ನಬೇಡಿ, ರಜೆ ಬಂದರೆ ಎಲ್ಲರೂ ಓಡೋದು ಕಣ್ಣೂರು, ಮಂಗಳೂರಿಗೇ ಅಲ್ವಾ? ಜೆಲ್ಲಿ ಫಿಶ್ ತಾಗಿದರೆ ಮರಳಲ್ಲಿ ಉಜ್ಜಬೇಡಿ, ಬಾಟಲಿ ನೀರೂ ಬೇಡ, ಸಮುದ್ರದ ನೀರಲ್ಲೇ ತೊಳೆಯಿರಿ. ಸತ್ತು ದಡಕ್ಕೆ ಬಿದ್ದದ್ದೂ ಚುಚ್ಚುತ್ತದೆ.

ಹೆಜ್ಜೇನು

ಕೊಂಡಿ ಉಳಿದಿದ್ದರೆ ಕೂಡಲೇ ಉಗುರಲ್ಲಿ ಕೆರೆದು ತೆಗೆಯಿರಿ. ತುಟಿ, ಮುಖ ಊದಿ ಉಸಿರು ಕಟ್ಟಿದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗುವ ಮೂಲೆ ಯಾವುದು ಅಂತ ಬಂದ ದಿನವೇ ನೋಡಿಟ್ಟುಕೊಳ್ಳಿ.