ಟರ್ಬೊ ಡೀಸೆಲ್ ಗಾಡಿ ಏರಿನಲ್ಲಿ ಎಳೆಯುತ್ತಿಲ್ಲವೇ? ಮೊದಲು ಹೋಸ್ ನೋಡಿ

ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗಲೋ, ಗುಂಡ್ಯದಿಂದ ಶಿರಾಡಿ ಘಾಟಿ ಏರುವಾಗಲೋ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುತ್ತಿದ್ದ ಗಾಡಿ ಎರಡಕ್ಕೆ ಇಳಿಸಿದರೂ ತಿಣುಕುತ್ತಿದೆ ಎಂದರೆ, ‘ಟರ್ಬೊ ಹೋಗಿದೆ’ ಎಂಬ ತೀರ್ಪು ಬಹಳ ಬೇಗ ಬರುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಟರ್ಬೊ ಬದಲಿಸುವುದು ಹತ್ತಾರು ಸಾವಿರದ ಬಾಬತ್ತು. ಆದರೆ ತಪ್ಪು ಎಷ್ಟೋ ಸಲ ಇರುವುದು ಗಾಳಿ ಸಾಗುವ ಹೋಸ್‌ನಲ್ಲಿ, ಇಲ್ಲವೇ ಟರ್ಬೊವನ್ನು ಆಡಿಸುವ ಸಣ್ಣ ವ್ಯಾಕ್ಯೂಮ್ ಪೈಪಿನಲ್ಲಿ. ಅದಕ್ಕೇ ಅಗ್ಗದ್ದರಿಂದ ಶುರು ಮಾಡಿ.

ಎಂಜಿನ್ನಿಗೆ ಕೈ ಹಾಕುವ ಮುನ್ನ ಎರಡು ಅನುಮಾನ ತೀರಿಸಿಕೊಳ್ಳಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಅದು ಕ್ಲಚ್ ಜಾರುತ್ತಿರುವುದು. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಬಿಸಿ ಹೊಡೆಯುತ್ತಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲವಿಡೀ ಕೆಸರು ತಿನ್ನುವ ಸಕಲೇಶಪುರ, ಮೂಡಿಗೆರೆ ಕಡೆಯ ಗಾಡಿಗಳಲ್ಲಿ ಕ್ಯಾಲಿಪರ್ ಪಿನ್ ತುಕ್ಕು ಹಿಡಿಯುವುದು ಹೊಸದೇನಲ್ಲ.

ಇನ್ನು ಹೊಗೆ. ಎಳೆಯುವಾಗ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ ಎಂದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅಥವಾ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ತಾನಾಗಿಯೇ ಶಕ್ತಿ ಕಡಿತ ಮಾಡಿರಬಹುದು. ಬಿಎಸ್6 ಗಾಡಿಯಲ್ಲಿ ಹೊಗೆ ಕೊಳವೆಯಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಹೊಗೆ ನೋಡಿ ತೀರ್ಮಾನಿಸಬೇಡಿ.

ಸ್ಟೀರಿಂಗ್ ಕೆಳಗೆ ದೋಷ ಓದಲೆಂದೇ ಇರುವ ಓಬಿಡಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಕೆಲಸ ಅರ್ಧ ಆದಂತೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಇಂಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಓದಿ. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್ ತೋರಿಸಬೇಕು, ಹಾಸನ ಮತ್ತು ಚಿಕ್ಕಮಗಳೂರಿನ ಎತ್ತರಕ್ಕೆ ಸುಮಾರು 90. ಈ ಎತ್ತರದಲ್ಲಿ ನಿಂತೂ 101 ತೋರಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಆಮೇಲೆ ಖಾಲಿ ಏರಿನಲ್ಲಿ ಮೂರನೇ ಗೇರಿನಲ್ಲಿ 1500ರಿಂದ 3000 ಆರ್‌ಪಿಎಂವರೆಗೆ ಪೂರ್ತಿ ಒತ್ತಿ. ಸ್ಕ್ಯಾನರ್ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಸಾಮಾನ್ಯ ಫ್ಯಾಮಿಲಿ ಡೀಸೆಲ್‌ಗಳಲ್ಲಿ ಒತ್ತಡ 200ರ ಆಸುಪಾಸು ಅಥವಾ ಮೇಲೆ ಹೋಗಬೇಕು. 120, 130ಕ್ಕೇ ನಿಂತರೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ, ಕಟ್ಟುತ್ತಿಲ್ಲ. ಸ್ಕ್ಯಾನರ್ ತೋರಿಸುವ ಪಿ0299 ಎಂಬ ದೋಷದ ಕೋಡ್ ಹೇಳುವುದೂ ಇದನ್ನೇ. ಟರ್ಬೊ ಕೆಟ್ಟಿದೆ ಎಂದಲ್ಲ. ಪಿ0087 ಬಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ‘ರೈಲ್’ ಪೈಪಿನಲ್ಲಿ ಒತ್ತಡ ಕಡಿಮೆ: ಡೀಸೆಲ್ ಫಿಲ್ಟರ್ ಕಡೆ ಹೋಗಿ, ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸಿ, ಹಳೆಯದಾಗಿದ್ದರೆ ಬದಲಿಸಿ.

ಬೂಸ್ಟ್ ಕಡಿಮೆ ಇದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಟೇಕ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳನ್ನು ಬೆರಳಾಡಿಸಿ ನೋಡಿ. ಸೀಳು ಬಿಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕೆಳಬದಿಯಲ್ಲಿ, ಬಾಗಿದ ಕಡೆ, ಕ್ಲಿಪ್ಪಿನ ಅಂಚಿನಲ್ಲಿ. ಎಂಜಿನ್ ಸುಮ್ಮನೆ ಓಡುವಾಗ ಅದು ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಬಿದ್ದಾಗ ಬಾಯಿ ಬಿಟ್ಟು ‘ಸುಸ್’ ಎನ್ನುತ್ತದೆ. ಹೋಸ್ ಒಳಗೆ ತೆಳುವಾಗಿ ಆಯಿಲ್ ಪಸೆ ಇರುವುದು ಸಹಜ. ಹೊರಗೆ ಒಂದೇ ಜಾಗದಲ್ಲಿ ಎಣ್ಣೆ ಬೆರೆತ ಧೂಳು ಅಂಟಿದ್ದರೆ ಸೋರುವುದು ಅಲ್ಲಿಯೇ. ಅನುಮಾನ ಉಳಿದರೆ ಗ್ಯಾರೇಜಿನಲ್ಲಿ ಪೈಪಿಗೆ 5ರಿಂದ 7 ಪಿಎಸ್‌ಐ ಮಾತ್ರ ಗಾಳಿ ಕೊಡಿಸಿ, ಸೋಪಿನ ನೀರು ಚಿಮುಕಿಸಿ, ಗುಳ್ಳೆ ಹುಡುಕಿ. ಸೀಳಿದ ಹೋಸ್‌ಗೆ ಟೇಪ್ ಸುತ್ತುವುದು ಮನೆ ಸೇರುವ ಮಟ್ಟಿಗೆ ಸರಿ. ಘಾಟಿಯ ಒತ್ತಡಕ್ಕೆ ನಿಲ್ಲದು. ಹೊಸ ಹೋಸ್ ಹಾಕಿ, ಕ್ಲಿಪ್ಪೂ ಹೊಸದು ಹಾಕಿ, ಕೋಡ್ ಅಳಿಸಿ ಅದೇ ಏರಿನಲ್ಲಿ ಮತ್ತೆ ಓದಿ.

ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿತವನ್ನು ಮರೆಯಬೇಡಿ. ಅದಕ್ಕೆ ಮೊದಲು ತುತ್ತಾಗುವುದು ವೈರು ಮತ್ತು ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪು. ವ್ಯಾಕ್ಯೂಮ್‌ನಿಂದ ಓಡುವ ವಿಜಿಟಿ (ಒಳಗಿನ ರೆಕ್ಕೆಗಳ ಕೋನ ಬದಲಾಗುವ) ಟರ್ಬೊ ಆದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆ ರೆಕ್ಕೆಗಳನ್ನು ಆಡಿಸುವ ಆಕ್ಚುಯೇಟರ್ ಕಡ್ಡಿ ಒಂದೇ ಎಳೆತಕ್ಕೆ ಸರಿಯಬೇಕು, ಆಫ್ ಮಾಡಿದರೆ ವಾಪಸ್ ಬರಬೇಕು. ಕದಲದಿದ್ದರೆ ಪೈಪು, ಸಾಲಿನಾಯ್ಡ್ (ವ್ಯಾಕ್ಯೂಮ್ ಬಿಡುವ ವಿದ್ಯುತ್ ವಾಲ್ವ್), ಡಯಾಫ್ರಂ (ಆಕ್ಚುಯೇಟರ್ ಒಳಗಿನ ರಬ್ಬರ್ ಪರದೆ), ಇದೇ ಕ್ರಮದಲ್ಲಿ ನೋಡಿ. ತಡೆ ತಡೆದು ಸರಿದರೆ ಒಳಗೆ ಮಸಿ ಕಟ್ಟಿದೆ, ಬಿಚ್ಚಿ ತೊಳೆಯಬೇಕು. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಬದಿಗೆ ಬಿಡುವ ಕದ) ಇರುವ ಸಾದಾ ಟರ್ಬೊಗೆ ಈ ಪರೀಕ್ಷೆ ಹೊಂದದು. ಎಲೆಕ್ಟ್ರಾನಿಕ್ ಆಕ್ಚುಯೇಟರ್ ಆದರೆ ಸ್ಕ್ಯಾನರ್‌ನಿಂದಲೇ ಆಡಿಸಿ ನೋಡಬೇಕು.

ಏರ್ ಫಿಲ್ಟರ್ ಬೇಸಿಗೆಯ ತೋಟದ ಕೆಂಪು ಧೂಳಿಗೆ ಬೇಗ ಕಟ್ಟುತ್ತದೆ. 5000 ಕಿಲೋಮೀಟರಿಗೊಮ್ಮೆ ತೆಗೆದು ನೋಡಿ. ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರನ್ನು ಅದರದ್ದೇ ಸ್ಪ್ರೇಯಿಂದ ತೊಳೆಯಿರಿ, ಬಟ್ಟೆ ತಾಗಿಸಬೇಡಿ. ಡಿಪಿಎಫ್ ದೀಪ ಉರಿದಿದ್ದರೆ, ಮಿನುಗದೆ ಸ್ಥಿರವಾಗಿದ್ದಾಗಲೇ, ಹಾಸನ–ಚನ್ನರಾಯಪಟ್ಟಣದಂಥ ನೇರ ಹೆದ್ದಾರಿಯಲ್ಲಿ 2000 ಆರ್‌ಪಿಎಂ ಮೇಲೆ ಹದಿನೈದಿಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಮನೆಯಿಂದ ಶಾಲೆಗೆ, ಶಾಲೆಯಿಂದ ಸಂತೆಗೆ ಎಂಬ ಓಡಾಟದಲ್ಲಿ ಅದು ಎಂದೂ ಸುಟ್ಟು ಶುದ್ಧವಾಗುವುದಿಲ್ಲ.

ಟರ್ಬೊ ಪರೀಕ್ಷೆ ಕೊನೆಗೆ. ತಣ್ಣಗಿದ್ದಾಗ ಏರ್ ಫಿಲ್ಟರ್ ಕಡೆಯ ಪೈಪ್ ಕಳಚಿ ಟರ್ಬೊದ ರೆಕ್ಕೆ ಕೂತಿರುವ ಶಾಫ್ಟನ್ನು ಬೆರಳಿನಿಂದ ಹಿಡಿಯಿರಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಸರಿ; ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅದರ ಕಥೆ ಮುಗಿದಿದೆ. ಹೊಸದನ್ನು ಕೂರಿಸುವಾಗ ಆಯಿಲ್, ಆಯಿಲ್ ಫಿಲ್ಟರ್ ಜೊತೆಗೆ ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪನ್ನೂ ಬದಲಿಸಿ, ಇಂಟರ್‌ಕೂಲರ್‌ನಲ್ಲಿ ನಿಂತ ಹಳೆ ಆಯಿಲನ್ನು ಪೂರ್ತಿ ಬಸಿಯಿರಿ. ಆ ಪೈಪಿನಲ್ಲಿ ಮಸಿ ಕಟ್ಟಿ ಆಯಿಲ್ ಸಾಲದೆ ಮೊದಲನೆಯದು ಸತ್ತಿದ್ದರೆ, ಎರಡನೆಯದೂ ಅದರಿಂದಲೇ ಸಾಯುತ್ತದೆ.